ನಾನು ಕಟ್ಟಿದ ಗಂಟಿನ ಮೇಲೆ ರೇವಪ್ಪ

ನನಗೆ ಎತ್ತರ ಆಗಿಬರುವುದಿಲ್ಲ. ಮೂರನೇ ಮಹಡಿಯ ಬಾಲ್ಕನಿಯಲ್ಲಿ ಚಹಾ ಕುಡಿಯಬೇಕಾದರೂ ಬೆನ್ನನ್ನು ಗೋಡೆಗೆ ಹಚ್ಚಿಕೊಂಡೇ ಕುಡಿಯುತ್ತೇನೆ. ಇಂಥವನಿಗೆ ಸಿಕ್ಕ ನೌಕರಿ ನಾಶಿಕದ ಪಾಥರ್ಡಿ ಫಾಟಾ ಹತ್ತಿರ ಏಳುತ್ತಿರುವ ಹದಿನಾಲ್ಕು ಅಂತಸ್ತಿನ ಕಟ್ಟಡದಲ್ಲಿ, ಕೂಲಿಯವರ ಹಾಜರಿ ಬರೆಯುವುದು. ಭಾಲ್ಕಿಯಲ್ಲಿ ನಮ್ಮವ್ವ ಓಣಿಯವರಿಗೆಲ್ಲ 'ನಮ್ಮ ಸಂಗಮನಾಥ ಎಂಜಿನಿಯರ್ ಇದ್ದಾನ' ಎಂದು ಹೇಳಿಟ್ಟಿದ್ದಾಳೆ. ನಾನು ತಿದ್ದಲು ಹೋಗಿಲ್ಲ. ತಲೆಯ ಮೇಲೆ ಹಳದಿ ಹೆಲ್ಮೆಟ್ ಇಟ್ಟುಕೊಂಡು ತೆಗೆಸಿದ ಫೋಟೋವನ್ನು ಅವಳಿಗೆ ಕಳಿಸಿದವನೇ ನಾನು.

ಇಂಥ ನಾನು ಕಳೆದ ಜನವರಿಯಲ್ಲಿ ಒಬ್ಬ ಮನುಷ್ಯನನ್ನು ಸಾವಿನ ಹತ್ತಿರಕ್ಕೆ ಕಳಿಸಿದ್ದೆ. ಅವನ ಹೆಸರು ರೇವಪ್ಪ. ಅವನ ಬಗ್ಗೆ ಯಾರೂ ಬರೆಯುವುದಿಲ್ಲ, ಬರೆಯುವಂಥದ್ದನ್ನು ಅವನು ಏನೂ ಮಾಡಿಲ್ಲ. ಹತ್ತೊಂಬತ್ತು ವರ್ಷಗಳಿಂದ ಊರವರ ಮನೆಗಳ ಸುತ್ತ ಪರಾಂಚಿ ಕಟ್ಟಿದ್ದಾನೆ, ಬಿಚ್ಚಿದ್ದಾನೆ. ಬಿದಿರಿನ ಗಳಗಳನ್ನು ಹಗ್ಗದಿಂದ ಬಿಗಿದು ಗಿಲಾವು ಮಾಡುವವರು ನಿಲ್ಲಲು ಮಾಡುವ ಅಟ್ಟಣಿಗೆಗೆ ಇಲ್ಲಿ ಪರಾಂಚಿ ಎನ್ನುತ್ತಾರೆ. ಮನೆ ಮುಗಿದ ದಿನ ಅವನ ಕೆಲಸದ ಗುರುತೇ ಉಳಿಯುವುದಿಲ್ಲ.

ಸುರಪುರದ ಕಡೆಯವನು. ನಲವತ್ತೊಂದು ವಯಸ್ಸು, ತೆಳ್ಳಗಿನ ಮೈ, ಕೈಬೆರಳಿನಂತೆ ಅಗಲಿಸಿಕೊಂಡ ಕಾಲ್ಬೆರಳು. ಹೆಂಡತಿ ಸಕ್ರವ್ವ ಅದೇ ಸೈಟಿನಲ್ಲಿ ಇಟ್ಟಿಗೆ ಹೊರುತ್ತಾಳೆ. ಹತ್ತನೇ ಅಂತಸ್ತಿನ ಹೊರಗೆ ಒಂದು ಗಳದ ಮೇಲೆ ನಿಂತು, ಇನ್ನೊಂದನ್ನು ಹೆಗಲ ಮೇಲಿಟ್ಟುಕೊಂಡು, ಕೆಳಗಿರುವ ಅವಳ ಜೊತೆ ಅಡಿಗೆಯ ವಿಷಯ ಮಾತಾಡುತ್ತಾನೆ. ಬೆಲ್ಟ್ ಕೊಟ್ಟರೆ ಮೊಳೆಗೆ ತೂಗುಹಾಕುತ್ತಾನೆ. ಕೆಳಗೆ ನಿಂತ ನಾನು ಹಾಜರಿ ಪುಸ್ತಕದ ಕಡೆಗೆ ಕಣ್ಣು ಇಳಿಸುತ್ತೇನೆ.

ಒಂದು ಮಾತಿನಲ್ಲಿ ಮಾತ್ರ ಅವನು ಯಾರಿಗೂ ಬಗ್ಗುವವನಲ್ಲ. ಗಂಟು ಕಟ್ಟಿದವನೇ ಮೊದಲು ಹತ್ತಬೇಕು. ಅದು ಅವನ ಗುಂಪಿನ ಪದ್ಧತಿ. ಒಮ್ಮೆ ಕೂಲಿ, ಗಳ, ಹಗ್ಗ ಒದಗಿಸುವ ಮುಕಾದಮ ಮುದ್ದಣ್ಣ ಅವಸರದಲ್ಲಿ ತಾನೇ ಎರಡು ಗಂಟು ಹಾಕಿ, ಗುಂಪಿನ ಹುಡುಗ ಮಹಿಬೂಬನಿಗೆ ಹತ್ತೆಂದ. ರೇವಪ್ಪ ಮಹಿಬೂಬನ ಹೆಗಲ ಮೇಲೆ ಕೈಯಿಟ್ಟು ನಿಲ್ಲಿಸಿ, "ನೀವು ಕಟ್ಟೀರಿ, ನೀವು ಹತ್ರಿ ಮುಕಾದಮರ. ಆಮ್ಯಾಲ ಅಂವ ಬರ್ತಾನ" ಎಂದ. ನೂರಿಪ್ಪತ್ತು ಕಿಲೋ ತೂಗುವ ಮುದ್ದಣ್ಣ ಎಲ್ಲರೆದುರು ಏದುಸಿರು ಬಿಡುತ್ತ ಹತ್ತಿ ಇಳಿದ. ಗಂಟನ್ನು ಕಣ್ಣಿನಿಂದ ನೋಡಿದರೆ ಗೊತ್ತಾಗುವುದಿಲ್ಲ, ಕಾಲಿನಿಂದ ನೋಡಬೇಕು ಎಂಬುದು ರೇವಪ್ಪನ ಲೆಕ್ಕ.

ಇವನನ್ನು ಟೀವಿಯವರ ಬಾಯಿಗೆ ಕೊಟ್ಟವನು ನಾನು. ಗಳದ ಮೇಲೆ ಅವನು ಬೀಡಿ ಹಚ್ಚುವುದನ್ನು ಮೊಬೈಲಿನಲ್ಲಿ ಹಿಡಿದು, 'ಟಿಕೂನ್ ರಹಾ' ಎಂಬ ಮರಾಠಿ ಸ್ಪರ್ಧೆಗೆ ಕಳಿಸಿದೆ. ಹೆಸರೇ ಹೇಳುವಂತೆ ತಾಳಿಕೊಂಡು ಕೊನೆತನಕ ಉಳಿದವರು ಗೆದ್ದ ಹಾಗೆ. ಬಹುಮಾನ ಒಂದು ಹೊಸ ಟೆಂಪೊ. ಫಾರ್ಮಿನಲ್ಲಿ ಜೋಡೀದಾರನ ಹೆಸರು ಕೇಳಿದ್ದರು. ಖಾಲಿ ಬಿಟ್ಟರೆ ಮುಂದಕ್ಕೆ ಹೋಗುತ್ತಿರಲಿಲ್ಲ, ನನ್ನದನ್ನೇ ತುಂಬಿದೆ. ಅವರು ಇಬ್ಬರನ್ನೂ ಕರೆದುಬಿಟ್ಟರು.

"ಟೆಂಪೊ ಬಂದ್ರ ನಮ್ಮವೇ ಗಳ, ನಮ್ಮವೇ ಹಗ್ಗ" ಎಂದು ರೇವಪ್ಪ ಎರಡು ದಿನ ಯೋಚಿಸಿ ಹೇಳಿದ. "ಮುದ್ದಣ್ಣನ ಕೈ ಕಾಯೋದಿಲ್ಲ. ನಡೀರಿ ಸಾಹೇಬ್ರ, ನೋಡಮು."

ಸಂಭಾಜಿನಗರದ ಹೊರಗೆ, ದೌಲತಾಬಾದ್ ರಸ್ತೆಯಲ್ಲಿ, ಮುಚ್ಚಿಹೋಗಿದ್ದ ಒಂದು ರಿಸಾರ್ಟಿನಲ್ಲಿ ಶೂಟಿಂಗ್. ಒಂಬತ್ತು ಜೋಡಿ. ಹಗಲೆಲ್ಲ ಹಗ್ಗ, ಟಯರು, ಕೆಸರು. ಸಂಜೆ ಪ್ರತಿ ಜೋಡಿಯೂ ಯಾರು ಮನೆಗೆ ಹೋಗಬೇಕೆಂದು ಪಾಟಿಯ ಮೇಲೆ ಹೆಸರು ಬರೆದು ತೋರಿಸಬೇಕು. ಮೊದಲ ಸಂಜೆಯೇ ನನಗೆ ಅರ್ಥವಾಯಿತು, ಇಲ್ಲಿ ಹಗ್ಗ ಜಗ್ಗುವವನಿಗಿಂತ ಊಟದ ಸಾಲಿನಲ್ಲಿ ಸರಿಯಾದವರ ಪಕ್ಕ ನಿಲ್ಲುವವನು ಹೆಚ್ಚು ದಿನ ಉಳಿಯುತ್ತಾನೆ. ಕೆಲಸ ಹಂಚಿಕೊಂಡೆವು. ಮೈಮುರಿದು ದುಡಿಯುವುದು ರೇವಪ್ಪನದು, ಸ್ನೇಹ ಬೆಳೆಸುವುದು ನನ್ನದು. ಇಪ್ಪತ್ತಾರು ವರ್ಷಗಳಲ್ಲಿ ನನಗೆ ಮೊದಲ ಸಲ ನಾನೊಬ್ಬ ಬುದ್ಧಿವಂತ ಅನ್ನಿಸಿದ್ದು ಅಲ್ಲಿ.

ನಮ್ಮ ಗೆಳೆಯ ದೀಪಕ. ದೇವಳಾಲಿ ಕ್ಯಾಂಪಿನಲ್ಲಿ ಜಿಮ್ ಇಟ್ಟವನು, ಮಾವನ ಮಗ ತುಕಾರಾಮನ ಜೊತೆ ಬಂದಿದ್ದ. ಜಿಮ್ಮಿಗೆ ಬರುವ ಮೈಸೂರು ಕಡೆಯ ಮಿಲಿಟರಿ ಜವಾನರಿಂದ ಹರಕು ಕನ್ನಡ ಕಲಿತಿದ್ದ. ಉಳಿದವರಿಗೆ ತಿಳಿಯದ ಭಾಷೆ ಇಬ್ಬರ ನಡುವೆ ಇದ್ದರೆ ಒಪ್ಪಂದಕ್ಕೆ ಇನ್ನೇನು ಬೇಕು? "ನಮ್ದು ನಿಮ್ದು ಫೈನಲ್" ಎಂದು ಅವನು ನನ್ನ ಬೆನ್ನು ಚಪ್ಪರಿಸುತ್ತಿದ್ದ. "ಬಾಕೀ ಸಬ್ ಘರ್."

ನಮ್ಮ ವೈರಿ ಮನೋರಮಾ. ಸಂಭಾಜಿನಗರದವಳೇ, ಹೋಮ್‌ಗಾರ್ಡ್. ನಾದಿನಿಯನ್ನು ಜೋಡಿ ಮಾಡಿಕೊಂಡು ಬಂದಿದ್ದಳು. ಯಾರ ಜೊತೆಗೂ ಒಪ್ಪಂದವಿಲ್ಲ, ಆದರೂ ದಿನಾ ಉಳಿಯುತ್ತಿದ್ದಳು. ಎರಡನೇ ದಿನವೇ ನನಗೊಂದು ಹೆಸರಿಟ್ಟಳು. "ಕಾಕಾ ಕಾಮ್ ಕರ್ತಾತ. ಹಾ ತರ್ ಪಾರ್ಸಲ್ ಆಹೆ." ಕೆಲಸ ಕಾಕಾನದು, ಅಂದರೆ ರೇವಪ್ಪನದು, ಇವನು ಬರೀ ಪಾರ್ಸಲ್ಲು. ಕ್ಯಾಮೆರಾದವರೂ ನಕ್ಕರು. ನಾಲ್ಕನೇ ದಿನಕ್ಕೆ ಚಹಾ ಕೊಡುವವನೂ "ಪಾರ್ಸಲ್ ಭಾವೂ, ಸಕ್ಕರೆ ಎಷ್ಟು" ಎಂದು ಕೇಳತೊಡಗಿದ. ಮಾತು ಸುಳ್ಳಾಗಿದ್ದರೆ ನನಗೆ ಅಷ್ಟು ಉರಿಯುತ್ತಿರಲಿಲ್ಲ.

ರೇವಪ್ಪನಿಗೆ ಮಾತ್ರ ಅವಳ ಮೇಲೆ ಮಮತೆ. "ಗಟ್ಟಿ ಹೆಣಮಗಳು. ಉಂಡಾಳೋ ಇಲ್ಲೋ ಕೇಳ್ರಿ" ಎನ್ನುತ್ತಿದ್ದ. ವೈರಿಗಳನ್ನು ಹೀಗೆಲ್ಲ ವಿಚಾರಿಸಬಾರದು ಎಂದು ನಾನು ಅವನಿಗೆ ಆಟದ ನಿಯಮ ತಿಳಿಸಿ ಹೇಳುತ್ತಿದ್ದೆ.

ಏಳನೇ ದಿನ ಉಳಿದದ್ದು ಮೂರು ಜೋಡಿ. ಬೆಳಿಗ್ಗೆ ಬಿದಿರು, ನಾರಿನ ಹಗ್ಗ ತಂದು ಸುರಿದರು. ಪ್ರತಿ ಜೋಡಿಯೂ ಹನ್ನೆರಡು ಮೆಟ್ಟಿಲಿನ ಏಣಿ ಕಟ್ಟಬೇಕು. ಕ್ರೇನಿನಿಂದ ಅದನ್ನು ಎತ್ತಿ ನಿಲ್ಲಿಸುತ್ತಾರೆ, ಊಟದ ನಂತರ ಹತ್ತಿ ತುದಿಯ ಗಂಟೆ ಬಾರಿಸಬೇಕು, ತಡವಾದವರು ಮನೆಗೆ. ಆದರೆ ಹತ್ತುವುದು ತಮ್ಮ ಏಣಿಯನ್ನಲ್ಲ, ಚೀಟಿಯಲ್ಲಿ ಬಂದಂತೆ ಇನ್ನೊಬ್ಬರದನ್ನು. ನಮ್ಮದು ಮನೋರಮಾಳ ಪಾಲಿಗೆ ಬಂತು.

ರೇವಪ್ಪನ ಮುಖ ಅರಳಿತು. ಹೆಂಗಸರು ಹತ್ತುವ ಏಣಿ ಎಂದು ಮೆಟ್ಟಿಲುಗಳನ್ನು ತುಸು ಹತ್ತಿರ ಹತ್ತಿರ ಇಟ್ಟು ಕಟ್ಟತೊಡಗಿದ. ಗೆಲ್ಲಿಸಬಾರದವರನ್ನು ಗೆಲ್ಲಿಸಲು ಬೆವರುತ್ತಿದ್ದ. ನಾನು ತಲೆ ಕೆಡಿಸಿಕೊಂಡು ಕೂತಾಗ ದೀಪಕ ಬಂದು ಪಕ್ಕದಲ್ಲಿ ಕುಕ್ಕರಿಸಿದ.

"ಒಂದು ಗಂಟು ಢೀಲಾ ಬಿಡು, ಸಡ್ಲ. ಮೇಲ್ದು."

"ಬಿದ್ರೆ?"

"ಬೆಲ್ಟ್ ಐತೆ ಅಲ್ವ? ಬೀಳಲ್ಲ. ಸಿರ್ಫ್ ಜೋಲಿ ಹೊಡೀತಾರೆ, ಹೆದರ್ತಾರೆ, ಟೈಮ್ ಹೋಗ್ತದೆ. ಬಸ್."

ಪಾರ್ಸಲ್ ಎಂದವಳು ಗಾಳಿಯಲ್ಲಿ ಜೋಲಿ ಹೊಡೆಯುವುದು ನನ್ನ ಕಣ್ಣ ಮುಂದೆ ಬಂತು. ಸುಳ್ಳೇಕೆ, ಅದು ಚೆನ್ನಾಗಿಯೇ ಕಂಡಿತು.

ರೇವಪ್ಪ ನೀರು ಕುಡಿಯಲು ಎದ್ದಾಗ ಒಂಬತ್ತನೇ ಮೆಟ್ಟಿಲಿನ ಎಡತುದಿ ಬಾಕಿಯಿತ್ತು. "ಕಾಕಾ, ಇದನ್ನ ನಾ ಕಟ್ತೀನಿ" ಎಂದೆ. ಏಳು ದಿನಗಳಲ್ಲಿ ನಾನಾಗಿ ಕೇಳಿದ ಮೊದಲ ಕೆಲಸ. ಅವನು ಸಂತೋಷದಿಂದ ಹಗ್ಗ ಕೊಟ್ಟ. ಸುತ್ತು ಸರಿಯಾಗಿಯೇ ಹಾಕಿದೆ, ಕೊನೆಯ ಬಿಗಿ ಮಾತ್ರ ಕೊಡಲಿಲ್ಲ. ತುದಿಯನ್ನು ಒಳಗೆ ಸಿಕ್ಕಿಸಿದೆ. ನೋಡಲು ಅವನ ಗಂಟಿನ ಹಾಗೆಯೇ ಇತ್ತು.

ಕ್ರೇನು ಏಣಿಗಳನ್ನು ಕಬ್ಬಿಣದ ಚೌಕಟ್ಟಿಗೆ ಆನಿಸಿ ನಿಲ್ಲಿಸಿತು. ತುದಿ ನೋಡಲು ನಾನು ಕತ್ತು ಹಿಂದಕ್ಕೆ ಮಡಚಬೇಕಾಯಿತು. ಕೆಳಗೆ ಜಲ್ಲಿ ಹಾಸಿದ ನೆಲ. ಊಟಕ್ಕೆ ಬಿಟ್ಟರು. ಬೆಲ್ಟುಗಳು ಇನ್ನೂ ಪೆಟ್ಟಿಗೆಯಲ್ಲಿದ್ದವು, ಅವುಗಳನ್ನು ನೋಡಿಕೊಳ್ಳುವವನು ಊಟದ ಸಾಲಿನಲ್ಲಿದ್ದ. ನಾನು ದೀಪಕನ ಪಕ್ಕ ಝುಣಕ ಭಾಕರಿ ಮುರಿಯುತ್ತ ಕೂತಿದ್ದೆ. ರೇವಪ್ಪನ ತಾಟು ಮುಚ್ಚಿ ಇಟ್ಟಿತ್ತು. ಎಲ್ಲಿ ಹೋದ ಎಂದು ತಲೆ ಎತ್ತಿದೆ.

ಅವನು ನಮ್ಮ ಏಣಿಯ ಐದನೇ ಮೆಟ್ಟಿಲಿನ ಮೇಲಿದ್ದ.

ಬರಿಗಾಲು, ಬರಿಮೈ, ಬೆಲ್ಟಿಲ್ಲ. ಯಾರೂ ಅವನಿಗೆ ಹತ್ತೆಂದಿರಲಿಲ್ಲ. ಆಟದಲ್ಲಿ ಅದರ ಅಗತ್ಯವೂ ಇರಲಿಲ್ಲ. ಕಟ್ಟಿದವನು ಅವನು, ಊಟದ ಮೇಲೆ ಹತ್ತುವವರು ಬೇರೆಯವರು. ಅಷ್ಟು ಸಾಕಾಗಿತ್ತು. ಏಳು ದಿನ ಒಪ್ಪಂದಗಳ ಮೇಲೆ ಒಪ್ಪಂದ ಲೆಕ್ಕಹಾಕಿದ ನನ್ನ ತಲೆಗೆ ಇದೊಂದು ಹೊಳೆದಿರಲಿಲ್ಲ.

ಎದ್ದು ನಿಂತೆ. ದೀಪಕನ ಕೈ ನನ್ನ ಮಣಿಕಟ್ಟು ಹಿಡಿಯಿತು. "ಗಪ್ ಬಸ್, ಸುಮ್ನೆ ಕೂತ್ಕೋ. ಕ್ಯಾಮೆರಾ ಚಾಲೂ ಐತೆ." ಹೌದು, ಚೌಕಟ್ಟಿನ ಕಡೆ ಮುಖಮಾಡಿದ ಒಂದು ಕ್ಯಾಮೆರಾದ ಕೆಂಪು ದೀಪ ಉರಿಯುತ್ತಿತ್ತು. ಕೂಗಿದರೆ ಏಕೆ ಕೂಗಿದೆ ಎಂದು ಹೇಳಬೇಕಾಗುತ್ತದೆ. ಆರನೇ ಮೆಟ್ಟಿಲು. ಅವನು ಅನುಭವಸ್ಥ, ಗೊತ್ತಾಗುತ್ತದೆ ಅಂದುಕೊಂಡೆ. ಏಳನೆಯದು. ಎರಡು ಮೆಟ್ಟಿಲು ಹತ್ತುವಷ್ಟು ಹೊತ್ತು ನಾನು ಸುಮ್ಮನಿದ್ದೆ. ಇದನ್ನು ಬರೆಯದಿದ್ದರೆ ಉಳಿದದ್ದನ್ನೆಲ್ಲ ಬರೆದೂ ಉಪಯೋಗವಿಲ್ಲ.

ಆಮೇಲೆ ಕೂಗಿದೆ. ಬಾಯಲ್ಲಿ ಭಾಕರಿ ಇತ್ತು, ದನಿ ಹೊರಡಲಿಲ್ಲ. ಉಗುಳಿ ಮತ್ತೆ ಕೂಗಿದೆ. "ಕಾಕಾ, ಒಂಬತ್ತನೇದು. ಎಡಕಿಂದು. ಬಿಗಿ ಇಲ್ಲ."

ಅಷ್ಟರಲ್ಲಿ ಅವನ ಎಡಗಾಲು ಅದರ ಮೇಲೆ ಬಿದ್ದಿತ್ತು. ಗಳ ಒಂದು ಗೇಣು ಜಾರಿತು. ಹಗ್ಗ ಸರ್ರನೆ ಬಿಚ್ಚಿಕೊಂಡ ಸದ್ದು ನಾನಿದ್ದಲ್ಲಿಗೆ ಕೇಳಿಸಿತು. ಎಡತುದಿ ಕಳಚಿದ ಬಿದಿರು ಬಲಗಡೆಯ ಗಂಟಿನಿಂದಲೂ ತಿರುಚಿ ಜಾರಿ ಕೆಳಗೆ ಬಂದು ಜಲ್ಲಿಯ ಮೇಲೆ ಪುಟಿಯಿತು. ರೇವಪ್ಪ ಬಲಗಡೆಯ ಗಳವನ್ನು ಎರಡೂ ಕೈಯಿಂದ ತಬ್ಬಿ ನೇತಾಡುತ್ತಿದ್ದ. ಕಾಲುಗಳು ಗಾಳಿಯಲ್ಲಿ ಮೆಟ್ಟಿಲು ಹುಡುಕುತ್ತಿದ್ದವು.

ನಾನು ಓಡಿದೆ. ಓಡಿ ಏಣಿ ಹತ್ತಿದೆ. ಹತ್ತಿ ಏನು ಮಾಡುವವನಿದ್ದೆ ಎಂದು ನೀವು ಕೇಳಬಹುದು, ನನಗೂ ಗೊತ್ತಿಲ್ಲ. ನಾಲ್ಕನೇ ಮೆಟ್ಟಿಲಿನಲ್ಲಿ ಕೆಳಗೆ ನೋಡಿದೆ, ಅಲ್ಲಿಗೆ ಮುಗಿಯಿತು. ಕೈಗಳು ಗಳಕ್ಕೆ ಅಂಟಿದವು. ನನ್ನ ನಡುಕಕ್ಕೆ ಏಣಿಯೇ ನಡುಗಿತು, ಮೇಲೆ ನೇತಾಡುತ್ತಿದ್ದವನ ಕೈಗಳಿಗೂ ಅದು ಮುಟ್ಟಿರಬೇಕು.

"ತಮ್ಮಾ" ಎಂದಿತು ಮೇಲಿನ ದನಿ. ಎರಡು ವರ್ಷಗಳಲ್ಲಿ ಅವನು ನನ್ನನ್ನು ಸಾಹೇಬ್ರ ಎನ್ನದೆ ಕರೆದದ್ದು ಅದೇ ಮೊದಲು. "ಅಲ್ಲಾಡಬ್ಯಾಡ. ಕಣ್ಣ ಮುಚ್ಚು."

ಮುಚ್ಚಿದೆ. ಗಳ ಕಿರುಗುಟ್ಟಿತು, ನಿಂತಿತು, ಮತ್ತೆ ಕಿರುಗುಟ್ಟಿತು. ಎಷ್ಟು ಹೊತ್ತೋ. ಬೆವರಿನ ವಾಸನೆ ಹತ್ತಿರ ಬಂತು. ನನ್ನ ಕಿವಿಯ ಪಕ್ಕದಲ್ಲಿ ಒಂದು ಪಾದ ಊರಿತು. ಆಮೇಲೆ ಬೆನ್ನ ಹಿಂದೆ ಅವನ ಎದೆ.

"ಬಲಗೈ ಬಿಡು. ನಾ ಹಿಡದೀನಿ. ಈಗ ಕಾಲ ತಗಿ."

ನನ್ನನ್ನು ಕೆಳಗಿಳಿಸಿದವನು ಅವನೇ. ಮನೋರಮಾ ಹೇಳಿದ್ದು ಸರಿ, ನಾನು ಪಾರ್ಸಲ್ಲೇ.

ಎಲ್ಲರೂ ಸುತ್ತ ಸೇರಿದರು. ನಾನು ಎಲ್ಲ ಹೇಳಿದೆ. ದೀಪಕ ತನಗೇನೂ ಗೊತ್ತಿಲ್ಲವೆಂದು ಮರಾಠಿಯಲ್ಲೂ ಹಿಂದಿಯಲ್ಲೂ ಹೇಳಿದ, ಕನ್ನಡ ಆ ಕ್ಷಣಕ್ಕೆ ಮರೆತಿದ್ದ. ಮನೋರಮಾ ಬಿದ್ದಿದ್ದ ಗಳವನ್ನು ಎತ್ತಿ ನೋಡಿದಳು, ಮೇಲೆ ನೋಡಿದಳು. "ಇಥೇ ಮೀ ಪಾಯ್ ಠೇವಣಾರ್ ಹೋತೆ" ಎಂದಳು, ತಾನು ಕಾಲಿಡಬೇಕಾಗಿದ್ದ ಜಾಗ ಇದು ಎಂದು. ನನಗೆ ಬೈಯಲಿಲ್ಲ. ರೇವಪ್ಪನಿಗೆ ನೀರು ತಂದುಕೊಟ್ಟು, ಅವನು ಕುಡಿದು ಮುಗಿಸುವತನಕ ಪಕ್ಕದಲ್ಲಿ ಕೂತಿದ್ದಳು. ಅರ್ಧ ನೀರು ಅವನ ಎದೆಯ ಮೇಲೆ ಚೆಲ್ಲಿತು.

ಅಂದೇ ನಮ್ಮನ್ನು ಹೊರಗೆ ಹಾಕಿದರು. ನಾಶಿಕದ ಬಸ್ಸು ವೈಜಾಪುರ ದಾಟಿತು. ರೇವಪ್ಪ ಕಿಟಕಿಯ ಕಡೆಗೇ ಮುಖ ಇಟ್ಟುಕೊಂಡು ಕೇಳಿದ.

"ಬರಲಾರದ್ದಕ್ಕ ಹಂಗಾತೋ, ಬೇಕಂತ ಮಾಡಿದ್ರೋ?"

"ಬೇಕಂತ ಮಾಡ್ದೆ ಕಾಕಾ."

"ಹೆಂಗಸರು ಹತ್ತೋರಿದ್ರು" ಎಂದ.

ಯೇವಲಾ ಬಂತು, ನಿಫಾಡ ಬಂತು. ಸ್ಟ್ಯಾಂಡಿನಲ್ಲಿ ಇಳಿಯುವಾಗ ಇನ್ನೊಂದು ಮಾತು. "ಸಕ್ರಿಗೆ ಹೇಳಬ್ಯಾಡ್ರಿ. ಹೆದರ್ತಾಳ."

ಹೇಳುವ ಕೆಲಸ ಟೀವಿ ಕಂಪನಿಯವರೇ ಮಾಡಿದರು. ಮೂರು ವಾರದ ಮೇಲೆ ಆ ಕಂತು ಮೊಬೈಲಿನಲ್ಲಿ ಬಂತು. ನನ್ನ ತಪ್ಪೊಪ್ಪಿಗೆ ಇರಲಿಲ್ಲ, ದೀಪಕನ ಕೈ ಇರಲಿಲ್ಲ. ಗಂಟು ತಾನಾಗಿ ಬಿಚ್ಚಿತ್ತು, ನಾನು ಪ್ರಾಣದ ಹಂಗು ತೊರೆದು ಗೆಳೆಯನನ್ನು ಉಳಿಸಲು ಏಣಿ ಹತ್ತುತ್ತಿದ್ದೆ, ಹಿಂದೆ ಪಿಟೀಲು ಅಳುತ್ತಿತ್ತು. ಇಳಿಯುವ ಭಾಗವನ್ನು ಕತ್ತರಿಸಿದ್ದರು. ಅವ್ವ ಅದನ್ನು ಇಡೀ ಭಾಲ್ಕಿಗೆ ಕಳಿಸಿದಳು. ಸಕ್ರವ್ವ ಹಾಜರಿ ಕೋಣೆಗೆ ಬಂದು, ಸೆರಗಿನಲ್ಲಿ ಮುಚ್ಚಿ ತಂದಿದ್ದ ಎರಡು ಶೇಂಗಾ ಹೋಳಿಗೆಯನ್ನು ಮೇಜಿನ ಮೇಲಿಟ್ಟಳು.

"ನನ್ನ ಕುಂಕುಮ ಉಳಿಸೀರಿ ಸಾಹೇಬ್ರ."

ತಿನ್ನದೆ ಅವಳು ಹೊರಡುವ ಹಾಗೆ ಕಾಣಲಿಲ್ಲ. ತಿಂದೆ.

ಅದರ ಮರುದಿನ ಬೆಳಿಗ್ಗೆ ಎಂಟಕ್ಕೆ ಹಾಜರಿ ಕೂಗಲು ಹೋದೆ. ಶೂಟಿಂಗಿನಿಂದ ಬಂದ ಮೇಲೆ ದಿನದಿನಕ್ಕೆ ರೇವಪ್ಪ ಹತ್ತುವುದು ತಡವಾಗುತ್ತಿತ್ತು, ಅಂದು ಮೇಲಿನಿಂದ ಅವನ ದನಿಯೇ ಬರಲಿಲ್ಲ. ಅವನು ಕೆಳಗೇ ಇದ್ದ, ಪರಾಂಚಿಯ ಬುಡದಲ್ಲಿ, ಒಂದು ಕಾಲು ಮೊದಲ ಗಳದ ಮೇಲಿಟ್ಟು. ಅದು ಅವನೇ ಶನಿವಾರ ಕಟ್ಟಿದ ಪರಾಂಚಿ. ತಲೆಯ ಮೇಲಿನ ಗಂಟನ್ನು ಕೈಯಿಂದ ಜಗ್ಗಿ ನೋಡಿದ. ಮತ್ತೊಮ್ಮೆ ಜಗ್ಗಿದ. ಮಹಿಬೂಬ ಮೇಲಿನಿಂದ ಹಗ್ಗ ಕೇಳುತ್ತಿದ್ದ.

ಇಟ್ಟಿಗೆಯ ಬುಟ್ಟಿ ಹೊತ್ತ ಸಕ್ರವ್ವ ನಿಂತಳು. "ಯಾಕ್ರೀ, ಹತ್ತವಲ್ರಿ?"

"ಬಿಸಲು ಕಣ್ಣಾಗ ಹೊಡಿಲಾಕತ್ತದ" ಎಂದ ಅವನು.

ನಾವಿದ್ದದ್ದು ಕಟ್ಟಡದ ಪಡುವಣ ಮಗ್ಗುಲಲ್ಲಿ, ಪೂರ್ತಿ ನೆರಳು. ಅವಳು ಒಮ್ಮೆ ಅವನನ್ನು ನೋಡಿದಳು, ಆಮೇಲೆ ನನ್ನನ್ನು ನೋಡಿದಳು. ಬುಟ್ಟಿಯನ್ನು ಇಳಿಸಲೂ ಇಲ್ಲ, ಮುಂದಕ್ಕೆ ಹೋಗಲೂ ಇಲ್ಲ.