ನಾಗರತ್ನಮ್ಮನವರಿಗೆ ನಾನು ಆರಿಸಿಕೊಟ್ಟ ಹಳೆಯ ಸೈಕಲ್ಲು

ಎರಡನೇ ಮಹಾಯುದ್ಧ ಶುರುವಾಗುವುದಕ್ಕೆ ಮೂರು ವರ್ಷ ಮೊದಲು ನಾನು ಶಿರಾದಲ್ಲಿ, ಬಸ್ಸು ನಿಲ್ಲುವ ಜಾಗದ ಎದುರು, ಸ್ವಂತ ಸೈಕಲ್ ಅಂಗಡಿ ತೆರೆದೆ. ಅದಕ್ಕೆ ಮೊದಲು ಏಳು ವರ್ಷ ಬೆಂಗಳೂರಿನ ದಂಡುಪ್ರದೇಶದಲ್ಲಿ ಒಬ್ಬ ಮಿಸ್ತ್ರಿಯ ಕೈಕೆಳಗೆ ಕೆಲಸ ಕಲಿತಿದ್ದೆ. ಹೊಸ ಸೈಕಲ್ ಕೊಳ್ಳುವವರು ನಮ್ಮ ಕಡೆ ಅಪರೂಪ. ದಂಡಿನ ದೊರೆಗಳೂ ದೊರೆಸಾನಿಯರೂ ಬಳಸಿ ಬಿಟ್ಟವನ್ನು ತಂದು, ಬಿಚ್ಚಿ, ಸರಿಮಾಡಿ, ಕೇಳಿದವರಿಗೆ ಹೊಂದುವಂಥದ್ದನ್ನು ಆರಿಸಿಕೊಡುವುದು ನನ್ನ ಕಸುಬಾಗಿತ್ತು.

ಹಳೆಯ ಸೈಕಲ್ಲಿನ ಗುಣ ತಿಳಿಯುವುದು ಅಷ್ಟು ಕಷ್ಟವಲ್ಲ. ಮುಂದಿನ ಚಕ್ರವನ್ನು ಹಿಡಿದಿರುವ ಫೋರ್ಕು ಹಿಂದಕ್ಕೆ ಬಾಗಿದ್ದರೆ ಅದು ಎಲ್ಲೋ ಗುದ್ದಿದೆ. ಕೊಳವೆಗಳು ಕೂಡುವ ಕಡೆ ಬಣ್ಣ ಕೂದಲೆಳೆಯಷ್ಟು ಬಿರಿದಿದ್ದರೆ ಒಳಗಿನ ಕಬ್ಬಿಣವೂ ಬಿರಿದಿರಬಹುದು. ಹಲ್ಲಿನ ಚಕ್ರದ ಮೇಲಿಂದ ಚೈನನ್ನು ಬೆರಳಲ್ಲಿ ಎಳೆದಾಗ ಎದ್ದು ಬಂದರೆ ಅದು ಸವೆದಿದೆ. ಕಷ್ಟವಿರುವುದು ಸವಾರರನ್ನು ತಿಳಿಯುವುದರಲ್ಲಿ. ಈಗತಾನೇ ಕಲಿಯುವವರು ಹೆದರಿಕೆಯಿಂದಲೇ ಎಚ್ಚರವಾಗಿರುತ್ತಾರೆ. ಚೆನ್ನಾಗಿ ಬಲ್ಲವರು ಯಾವುದನ್ನು ಕೊಟ್ಟರೂ ಪಳಗಿಸಿಕೊಳ್ಳುತ್ತಾರೆ. ತೊಡಕೆಲ್ಲ ನಡುವಿನವರದು. ಅವರಿಗೆ ಸಮನಾದ ದಾರಿಯಲ್ಲಿ ಚೆನ್ನಾಗಿಯೇ ಬರುತ್ತದೆ. ಇಳಿಜಾರಿನಲ್ಲಿ ಎಷ್ಟು ಬರುತ್ತದೆಂಬುದು ಅವರಿಗೂ ಗೊತ್ತಿರುವುದಿಲ್ಲ, ಮಾರುವವನಿಗೂ ಗೊತ್ತಿರುವುದಿಲ್ಲ.

ಅಂಗಡಿಯ ಮೊದಲ ವರ್ಷದಲ್ಲಿ ಒಬ್ಬ ಮೇಷ್ಟರಿಗೆ ಅವರು ಮೆಚ್ಚಿದ ಹಗುರವಾದ ಸೈಕಲ್ಲನ್ನೇ ಕೊಟ್ಟಿದ್ದೆ. ಮಧುಗಿರಿ ದಾರಿಯ ಒಂದು ಇಳಿಜಾರಿನಲ್ಲಿ ಬಿದ್ದು ಅವರ ಬಲಗೈ ಮುರಿಯಿತು. ಮೂಳೆ ಸರಿಯಾಗಿ ಕೂಡಲಿಲ್ಲ. ಅಂದಿನಿಂದ ನಾನು ಯಾರಿಗೇ ಆರಿಸಿದರೂ ಅವರ ಶಕ್ತಿಗಿಂತ ಒಂದು ಮೆಟ್ಟಿಲು ಕೆಳಗಿನದನ್ನೇ ಆರಿಸತೊಡಗಿದೆ. ಅದನ್ನು ಅನುಭವವೆಂದು ತಿಳಿದಿದ್ದೆ.

ಮಾರನೆಯ ವರ್ಷ ಸಂಕ್ರಾಂತಿ ಕಳೆದ ಮೇಲೆ ನಾಗರತ್ನಮ್ಮ ಅಂಗಡಿಗೆ ಬಂದರು. ಸರ್ಕಾರಿ ಆಸ್ಪತ್ರೆಗೆ ಹೊಸದಾಗಿ ಬಂದಿದ್ದ ಮಿಡ್‌ವೈಫ್. ವಯಸ್ಸು ಇಪ್ಪತ್ತಾರು. ಕೊರಟಗೆರೆಯವರು, ಹತ್ತೊಂಬತ್ತಕ್ಕೆ ಗಂಡನನ್ನು ಕಳೆದುಕೊಂಡು, ತಂದೆಯ ಒತ್ತಾಸೆಯಿಂದ ಬೆಂಗಳೂರಿಗೆ ಹೋಗಿ ತರಬೇತಿ ಪಡೆದಿದ್ದರು. ಅಲ್ಲಿಯೇ ಸೈಕಲ್ ತುಳಿಯಲು ಕಲಿತಿದ್ದರಂತೆ. ಹಳ್ಳಿಗಳಿಂದ ಕರೆ ಬಂದಾಗ ಗಾಡಿ ಹೂಡುವವರೆಗೆ ಕಾಯಬೇಕು, ಅಷ್ಟರಲ್ಲಿ ಜೀವ ಹೋಗಿರುತ್ತದೆ, ಅದಕ್ಕೇ ತಮ್ಮದೇ ಒಂದು ಸೈಕಲ್ ಬೇಕು ಎಂದರು.

ಹೆಂಗಸರು ತುಳಿಯುವಂಥ, ನಡುವೆ ಅಡ್ಡಕಂಬಿಯಿಲ್ಲದ ಸೈಕಲ್ಲುಗಳು ಆಗ ನನ್ನಲ್ಲಿ ಎರಡಿದ್ದವು. ಒಂದು ಇಪ್ಪತ್ತೆರಡು ಇಂಚಿನದು. ಪೆಡಲಿನ ಅಚ್ಚಿನಿಂದ ಸೀಟಿನ ಕೊಳವೆಯ ತುದಿಯವರೆಗಿನ ಉದ್ದಕ್ಕೆ ಹೀಗೆ ಇಂಚಿನ ಲೆಕ್ಕ. ಅದು ಹಗುರವಾಗಿತ್ತು, ಎರಡೂ ಚಕ್ರಕ್ಕೆ ಕೈಬ್ರೇಕಿತ್ತು. ಇನ್ನೊಂದು ಶಾಲೆಯ ಹುಡುಗಿಯರಿಗಾಗಿ ಮಾಡಿದ ಹದಿನೆಂಟು ಇಂಚಿನದು. ಗಿಡ್ಡ, ಭಾರ, ಪೆಡಲನ್ನು ಹಿಂದಕ್ಕೆ ಒತ್ತಿದರೆ ನಿಲ್ಲುವಂಥದ್ದು.

ನನ್ನ ಪದ್ಧತಿಯಂತೆ ದೊಡ್ಡದನ್ನು ಅಂಗಡಿ ಮುಂದೆ ತುಳಿದು ತೋರಿಸಲು ಹೇಳಿದೆ. ಎತ್ತರದ ಹೆಂಗಸು. ಹತ್ತಿದ್ದು ಚೆನ್ನಾಗಿತ್ತು, ತಿರುಗಿಸಿದ್ದೂ ಚೆನ್ನಾಗಿತ್ತು. ನಿಲ್ಲಿಸುವಾಗ ಮಾತ್ರ ಬ್ರೇಕು ಹಿಡಿಯುವ ಮೊದಲೇ ಕಾಲನ್ನು ನೆಲಕ್ಕೆ ಚಾಚಿದರು. ಬಸ್ಸಿಗೆ ಕಾದಿದ್ದ ಗಂಡಸರೆಲ್ಲ ನೋಡುತ್ತಿದ್ದರು. ಈಕೆ ಎಲ್ಲಾದರೂ ಬಿದ್ದರೆ ಊರು ನಗುತ್ತದೆ, ಆಮೇಲೆ ನನ್ನ ಕಡೆ ತಿರುಗುತ್ತದೆ ಎಂದು ನನಗೆ ಅಳುಕಾಯಿತು. ಅವರು ದೊಡ್ಡದನ್ನು ಮುಟ್ಟಿ, ಇದೇ ಇರಲಿ ಎಂದರು.

"ಬ್ಯಾಡಿ ಅಮ್ಮಾವ್ರೆ, ಅದು ಕೈಗೆ ಸಿಕ್ಕಲ್ಲ. ಈ ಗಿಡ್ಡುದ್ರಲ್ಲಿ ಕೂತಂಗೇ ಎರಡೂ ಕಾಲು ನೆಲಕ್ಕೆ ಸಿಗ್ತವೆ," ಎಂದೆ.

ಕಸುಬು ಬಲ್ಲವನ ಮಾತು ಎಂದು ಅವರು ಒಪ್ಪಿಕೊಂಡರು. ಸೀಟಿನ ಕಂಬಿಯನ್ನೂ ನಾನು ಗಿಡ್ಡದನ್ನೇ ಹಾಕಿದೆ. ದೊಡ್ಡ ಸೈಕಲ್ಲನ್ನು ಮುಂದಿನ ತಿಂಗಳು ಪಾವಗಡದ ಒಬ್ಬ ಪಾದ್ರಿಯ ಹೆಂಡತಿ ಕೊಂಡುಹೋದರು.

ಸೀಟು ತಗ್ಗಾಗಿದ್ದರೆ ಬೀಳುವ ಭಯವಿಲ್ಲ, ನಿಜ. ಆದರೆ ತುಳಿಯುವಾಗ ಮೊಣಕಾಲು ಪೂರ್ತಿ ಚಾಚುವುದಿಲ್ಲ; ತೊಡೆ ಬೇಗ ಸೋಲುತ್ತದೆ. ಒಂದೆರಡು ಮೈಲಿಯಲ್ಲಿ ಗೊತ್ತಾಗದ ಈ ವ್ಯತ್ಯಾಸ ಐದಾರು ಮೈಲಿಯಲ್ಲಿ ಗೊತ್ತಾಗುತ್ತದೆ. ಇದು ನನಗೆ ತಿಳಿಯದ ಸಂಗತಿಯೇನಲ್ಲ.

ನಾಗರತ್ನಮ್ಮ ಎರಡು ಸಲ ಅಂಗಡಿಗೆ ವಾಪಸ್ಸು ಬಂದರು. ಯುಗಾದಿಯ ಹೊತ್ತಿಗೊಮ್ಮೆ ಬಂದು, ದೂರ ಹೋದರೆ ಕಾಲು ಕಟ್ಟಿದಂತಾಗುತ್ತದೆ, ಸೀಟು ಎತ್ತರಿಸಿಕೊಡಿ ಎಂದರು. ಇನ್ನೂ ಸ್ವಲ್ಪ ದಿನ ಅಭ್ಯಾಸವಾಗಲಿ ಎಂದೆ. ಅಷ್ಟರಲ್ಲಿ ಅವರು ಕಳ್ಳಂಬೆಳ್ಳದ ಕೆರೆ ಏರಿಯ ಮೇಲೆ ಎತ್ತಿನ ಗಾಡಿಗಳ ನಡುವೆ ತುಳಿದುಕೊಂಡು ಹೋಗುವುದನ್ನು ನಾನೇ ನೋಡಿದ್ದೆ. ಆಗ ಅವರು ನಡುವಿನ ಸವಾರರಾಗಿ ಉಳಿದಿರಲಿಲ್ಲ. ಮಳೆಗಾಲದ ಆರಂಭದಲ್ಲಿ ಮತ್ತೆ ಬಂದರು. ಉದ್ದದ ಕಂಬಿ ಬೆಂಗಳೂರಿನಿಂದ ತರಿಸಬೇಕು, ಹೋದಾಗ ತರುತ್ತೇನೆ ಎಂದೆ. ಆಮೇಲೆ ಒಮ್ಮೆ ಬೆಂಗಳೂರಿಗೆ ಹೋಗಿಯೂ ಬಂದೆ. ತರಲಿಲ್ಲ. ಮರೆತೆನೆಂದು ಬರೆದರೆ ಸುಳ್ಳಾಗುತ್ತದೆ. ಅವಸರವೇನು, ಹೇಗೂ ಕೆಲಸ ನಡೆಯುತ್ತಿದೆಯಲ್ಲ ಎಂದುಕೊಂಡಿದ್ದೆ.

ಆ ಆಷಾಢದಲ್ಲಿ ನನ್ನ ತಂಗಿ ಗಿರಿಜೆ ಚೊಚ್ಚಲ ಬಾಣಂತನಕ್ಕೆ ತವರಿಗೆ ಬಂದಿದ್ದಳು. ನಮ್ಮೂರು ತಾವರೆಕೆರೆಯ ಹತ್ತಿರ, ಶಿರಾದಿಂದ ಹತ್ತು ಮೈಲಿ. ಮನೆಯಲ್ಲಿ ಅವ್ವ ಮತ್ತು ಚಿಕ್ಕಪ್ಪ ಇದ್ದರು. ಆ ದಿನ ಬೆಳಿಗ್ಗೆ ನಾನು ಒಂದು ಹಳೆಯ ಸೈಕಲ್ ನೋಡಲು ಹೋಗಿ ಎಂಟು ಗಂಟೆ ದಾಟಿದ ಮೇಲೆ ಅಂಗಡಿಗೆ ಬಂದರೆ ಚಿಕ್ಕಪ್ಪ ಬಾಗಿಲಲ್ಲಿ ಕುಳಿತಿದ್ದರು. ಗಿರಿಜೆಗೆ ಹಿಂದಿನ ದಿನದಿಂದ ನೋವು, ಊರಿನ ಸೂಲಗಿತ್ತಿ ಕೈಚೆಲ್ಲಿದ್ದಾಳೆ. ತಾನು ಮೊದಲ ಬಸ್ಸಿಗೆ ಬಂದು ನೇರ ಆಸ್ಪತ್ರೆಗೆ ಹೋಗಿದ್ದೆ ಎಂದರು. ಆ ಬಸ್ಸು ಮತ್ತೆ ಆ ಕಡೆಗೆ ಹೋಗುವುದು ಮಧ್ಯಾಹ್ನಕ್ಕೆ. ಅದಕ್ಕೇ ನಾಗರತ್ನಮ್ಮ ಏಳೂವರೆಗೇ ಸೈಕಲ್ ಹತ್ತಿ ಹೊರಟಿದ್ದರು.

ನಾನು ತಕ್ಷಣ ಹೊರಟೆ. ಅಂದು ಎದುರು ಗಾಳಿ ಜೋರಾಗಿತ್ತು. ಅವರು ಇಷ್ಟು ಹೊತ್ತಿಗೆ ಊರು ಮುಟ್ಟಿರುತ್ತಾರೆ ಎಂಬ ಧೈರ್ಯದಲ್ಲಿ ತುಳಿಯುತ್ತಿದ್ದೆ. ಊರಿಗೆ ಇನ್ನೂ ಎರಡು ಮೈಲಿ ಇರುವ ಏರಿನಲ್ಲಿ ಬಿಳಿ ಸೀರೆ ಕಂಡಿತು. ನಾಗರತ್ನಮ್ಮ ಕೆಳಗಿಳಿದು ಸೈಕಲ್ ತಳ್ಳುತ್ತಿದ್ದರು. ಮುಖ ಕೆಂಪೇರಿತ್ತು, ಕಾಲುಗಳು ಅದುರುತ್ತಿದ್ದವು.

"ಕಾಲಲ್ಲಿ ಶಕ್ತಿ ಇಲ್ಲ ಈರಣ್ಣ," ಎಂದರು.

ಗಿಡ್ಡ ಸೈಕಲ್ಲನ್ನು ಬೇಲಿಗೆ ಒರಗಿಸಿ, ಅವರನ್ನು ನನ್ನ ಸೈಕಲ್ಲಿನ ಕ್ಯಾರಿಯರ್ ಮೇಲೆ ಕೂರಿಸಿಕೊಂಡೆ. ಅವರ ಚೀಲ ನನ್ನ ಹ್ಯಾಂಡಲಿಗೆ ಬಡಿಯುತ್ತಿತ್ತು. ನಾವು ಮನೆ ಮುಟ್ಟಿದಾಗ ಮಗು ಅಳುವುದು ಹೊರಗೆ ಕೇಳಿಸಿತು. ನನಗೆ ಸಮಾಧಾನವಾಯಿತು. ನಾಗರತ್ನಮ್ಮ ಮಾತ್ರ ಓಡಿದರು.

ಹೆರಿಗೆಯಾಗಿ ಅರ್ಧ ಗಂಟೆಯಾಗಿತ್ತು. ರಕ್ತ ನಿಂತಿರಲಿಲ್ಲ. ಅವರು ಸೂಜಿ ಕೊಟ್ಟರು, ಎರಡೂ ಕೈಯಿಂದ ಹೊಟ್ಟೆ ಒತ್ತಿ ಹಿಡಿದರು. ಮಂಚದ ಕಾಲ್ದೆಸೆಗೆ ಕಲ್ಲು ಕೊಟ್ಟು ಎತ್ತರಿಸಲು ನನ್ನನ್ನು ಒಳಗೆ ಕರೆದರು. ಗಿರಿಜೆಯ ತುಟಿಯಲ್ಲಿ ಬಣ್ಣವೇ ಇರಲಿಲ್ಲ. ನನ್ನನ್ನು ಗುರುತಿಸಿದಳು.

"ಅಣ್ಣಯ್ಯ, ಚಳಿ ಆಯ್ತದೆ. ಕಂಬ್ಳಿ ಹೊದ್ಸು," ಎಂದಳು.

ಹೊದಿಸಿದೆ. ಇನ್ನೊಂದು ತಂದು ಅದರ ಮೇಲೂ ಹೊದಿಸಿದೆ. ಹತ್ತೂವರೆಯ ಹೊತ್ತಿಗೆ ಅವಳು ಹೋದಳು. ಇಪ್ಪತ್ತು ತುಂಬಿರಲಿಲ್ಲ. ಗಂಡು ಮಗು ಬದುಕಿತು. ಅವ್ವನೇ ಅದನ್ನು ಸಾಕಿದಳು.

ಹಿತ್ತಲಿನಲ್ಲಿ ನಾಗರತ್ನಮ್ಮ ಮೊಣಕೈವರೆಗೆ ತೊಳೆದುಕೊಳ್ಳುತ್ತಿದ್ದರು. ನೀರು ಹಾಕುತ್ತಾ, ಅರ್ಧ ಗಂಟೆ ಮುಂಚೆ ಬಂದಿದ್ದರೆ ಉಳಿಯುತ್ತಿದ್ದಳೇ ಎಂದು ಕೇಳಿದೆ.

"ಅಂಥೋರನ್ನ ಉಳಿಸಿದೀನಿ, ಕಳ್ಕೊಂಡೂ ಇದೀನಿ," ಎಂದರು. "ಇನ್ನು ಆ ಮಾತು ಬೇಡ."

ಅಷ್ಟರಲ್ಲಿ ಅವ್ವ ಬಾಗಿಲಿಗೆ ಬಂದಳು. "ಯಾಕವ್ವ ಇಷ್ಟೊತ್ತಾಯ್ತು ನೀ ಬರಾದು?" ಎಂದು ಕೇಳಿದಳು. ಬೈಗುಳವಲ್ಲ, ಸೋತು ಕೇಳಿದ್ದು. ನಾಗರತ್ನಮ್ಮ ನನ್ನ ಕಡೆ ನೋಡಲಿಲ್ಲ.

"ಎದುರು ಗಾಳಿ ಕಣಮ್ಮ," ಎಂದರು. "ತುಳಿಯೋಕೇ ಆಗ್ಲಿಲ್ಲ."

ನಾನು ಅಲ್ಲೇ ನಿಂತಿದ್ದೆ. ಬಾಯಿ ಬಿಡಲಿಲ್ಲ.

ತಿಥಿ ಮುಗಿದ ಮರುದಿನವೇ ಬೆಂಗಳೂರಿಗೆ ಹೋಗಿ ಅವರ ಎತ್ತರಕ್ಕೆ ತಕ್ಕ ಸೈಕಲ್ ಹುಡುಕಿ ತಂದೆ. ಸೀಟಿನ ಎತ್ತರ ಎಷ್ಟಿರಬೇಕೆಂದು ಅವರೇ ಹೇಳಿದರು, ನಾನು ಬಿಗಿ ಮಾಡಿದೆ. ಐದು ವರ್ಷ ಅದರಲ್ಲೇ ಓಡಾಡಿದರು, ಒಮ್ಮೆಯೂ ಬೀಳಲಿಲ್ಲ. ಆಮೇಲೆ ಅವರಿಗೆ ವರ್ಗವಾಯಿತು.

ಮೂವತ್ತು ವರ್ಷಕ್ಕೂ ಮಿಕ್ಕಿ ಈ ಕಸುಬು ಮಾಡಿದೆ. ಯಾರ ಶಕ್ತಿಯೂ ನಾನು ಅಳೆದ ದಿನಕ್ಕೇ ನಿಂತಿರುವುದಿಲ್ಲ ಎಂಬುದನ್ನು ಆ ವರ್ಷ ಕಲಿತೆ. ಸೈಕಲ್ ಕೊಟ್ಟ ಮೇಲೆ ಮೂರು ತಿಂಗಳಿಗೊಮ್ಮೆ ಕರೆದು, ಮತ್ತೆ ತುಳಿಸಿ ನೋಡಿ, ಅವರು ಬೆಳೆದಷ್ಟು ಅದನ್ನೂ ಬದಲಿಸಿ ಕೊಡುತ್ತಿದ್ದೆ. ಎಲ್ಲಿಗೆ ಹೋಗಬೇಕು, ಯಾಕೆ ಹೋಗಬೇಕು ಎಂದು ಮೊದಲು ಕೇಳುತ್ತಿದ್ದೆ. ಮೇಷ್ಟರ ಮುರಿದ ಕೈ ನನ್ನ ಕಣ್ಣಿಗೆ ಬಿದ್ದಿತ್ತು. ನಿಧಾನದಿಂದ ಆಗುವ ಕೇಡು ಹಾಗೆ ಕಣ್ಣಿಗೆ ಬೀಳುವುದಿಲ್ಲ.

ಅಂದು ತಡವಾದದ್ದು ನಾನು ಕೊಟ್ಟ ಸೈಕಲ್ಲಿನಿಂದ ಎಂದು ಅವ್ವನಿಗೆ ಹೇಳಲು ಎಷ್ಟೋ ಸಲ ಊರಿಗೆ ಹೋದೆ. ಮೊಮ್ಮಗನಿಗೆ ಉಣ್ಣಿಸುತ್ತಾ ಅವಳು ಪ್ರತಿ ಆಷಾಢದಲ್ಲೂ ಗಾಳಿಯನ್ನು ಶಪಿಸುತ್ತಿದ್ದಳು. ಸಾಯುವವರೆಗೂ ಶಪಿಸಿದಳು. ನಾನು ಪಕ್ಕದಲ್ಲಿ ಕೂತು ಕೇಳಿಸಿಕೊಳ್ಳುತ್ತಿದ್ದೆ.