ಸೊಪ್ಪು ತರಲು ಕೊಂಡ ಜೀಪು

ಮೊದಲೇ ಹೇಳಿಬಿಡುತ್ತೇನೆ, ನಾನು ಜೀಪು ಕೊಂಡದ್ದು ಶೋಕಿಗಲ್ಲ. ಜಂಗಮಕೋಟೆ ಹತ್ತಿರದ ನಮ್ಮ ಹಿಪ್ಪುನೇರಳೆ ತೋಟದ ದಾರಿ ಮಳೆ ಬಿದ್ದರೆ ಬರೀ ಕೆಸರು. ರೇಷ್ಮೆ ಹುಳಕ್ಕೆ ಸೊಪ್ಪು ತರಲೆಂದು ಚಿಂತಾಮಣಿಯಲ್ಲಿ ಹಳೆಯ ಫೋರ್ ವೀಲ್ ಜೀಪು ಕೊಂಡೆ. ಫೋರ್ ವೀಲ್ ಅಂದರೆ ನಾಲ್ಕು ಚಕ್ರ ಇರುವುದು ಅಂತಲ್ಲ, ನಾಲ್ಕನ್ನೂ ಇಂಜಿನ್ ತಿರುಗಿಸುತ್ತದೆ ಅಂತ. ದಪ್ಪ ಟೈರು ಹಾಕಿಸಿದೆ. ತುಕ್ಕು ಹಿಡಿಯಬಾರದಲ್ಲ, ಒಳಗೂ ಹೊರಗೂ ಪೇಂಟ್ ಹೊಡೆಸಿದೆ.

ಹುಳ ಗೂಡು ಕಟ್ಟುವ ಮುಂಚಿನ ವಾರ, ಎಷ್ಟು ಸೊಪ್ಪು ಹಾಕಿದರೂ ಸಾಲದ ಸಮಯ. ಮೊದಲ ಲೋಡ್ ತಂದು ಹುಳ ಸಾಕುವ ಮನೆ ಮುಂದೆ ನಿಲ್ಲಿಸಿದೆ. ಹುಳ ನೋಡಿಕೊಳ್ಳುವ ಅತ್ತಿಗೆ ಒಂದು ಎಲೆ ಮೂಸಿದರು.

"ಏನಪ್ಪ, ಸೊಪ್ಪಿಗೂ ಪೇಂಟ್ ಹೊಡೆಸಿದ್ಯಾ?"

"ವಾಸನೆ ಅಷ್ಟೇ ಅತ್ತಿಗೆ, ಗಾಳಿಗೆ ಹೋಗುತ್ತೆ."

"ನಿನ್ಗೆ ವಾಸನೆ, ಹುಳಕ್ಕೆ ವಿಷ. ಬೆಳೆ ಹೋದ್ರೆ ನಿನ್ ಜೀಪು ಗೂಡು ಕಟ್ತದಾ? ಮೊದ್ಲು ದೂರ ನಿಲ್ಸು ಅದನ್ನ."

ಅಷ್ಟೂ ಸೊಪ್ಪು ತಿಪ್ಪೆಗೆ ಹೋಯಿತು. ಆಮೇಲಿಂದ ಸೊಪ್ಪು ಬರುತ್ತಿರುವುದು ಅತ್ತಿಗೆಯ ಹಳೆ ಮೊಪೆಡ್ಡಿನಲ್ಲಿ. ಅದು ಕೆಸರಲ್ಲಿ ಹೂತುಕೊಂಡಾಗ ಹಿಂದಿನಿಂದ ತಳ್ಳುವವನು ನಾನು. ದಾರಿ ಪಕ್ಕ ನಿಂತಿರುವ ಜೀಪು ನೋಡಿ ಊರಿನವರು, "ಕೆಸರಲ್ಲಿ ಹೋಗುತ್ತಾ ಇದು?" ಎಂದು ಕೇಳುತ್ತಾರೆ. ಆರಾಮಾಗಿ ಹೋಗುತ್ತೆ ಎನ್ನುತ್ತೇನೆ, ಮೊಪೆಡ್ ತಳ್ಳುತ್ತಲೇ.