ಬೆಳ್ಳುಳ್ಳಿ ಎಣ್ಣೆ ಮತ್ತು ದಿಂಬಿನ ಕಲೆ

ಕೋವಿಡ್ ಬರುವುದಕ್ಕೆ ಹಿಂದಿನ ಚಳಿಗಾಲ. ಆಗ ನಾನು ತೆಲುಗು ಸೀಮೆಯ ಕೂಕಟ್‌ಪಲ್ಲಿಯ ಫ್ಲ್ಯಾಟೊಂದರಲ್ಲಿ ಗೃಹಿಣಿ. ಈಗಲೂ ಅದೇ ಹುದ್ದೆ. ಮೇಲಧಿಕಾರಿ ನಮ್ಮ ಅತ್ತೆ, ವಿಜಯಪುರ ಕಡೆಯವರು. ಅವರ ಬೆಳ್ಳುಳ್ಳಿ ಎಣ್ಣೆ ಕಟ್ಟಡಕ್ಕೆಲ್ಲ ಹೆಸರುವಾಸಿ. ಯಾವ ಮಗುವಿಗೆ ಕಿವಿನೋವು ಬಂದರೂ ಒಗ್ಗರಣೆ ಸೌಟಿನಲ್ಲಿ ಕೊಬ್ಬರಿ ಎಣ್ಣೆ ಕಾಯಿಸಿ, ಜಜ್ಜಿದ ಬೆಳ್ಳುಳ್ಳಿ ಹಾಕಿ, ಸೋಸಿ, ಮುಂಗೈ ಮೇಲೆ ಒಂದು ಹನಿ ಬಿಟ್ಟು ಬಿಸಿ ನೋಡಿಯೇ ಕಿವಿಗೆ ಬಿಡುತ್ತಿದ್ದರು. ಮಕ್ಕಳು ಗುಣವಾಗುತ್ತಿದ್ದರು.

ಎರಡನೇ ತರಗತಿಯಲ್ಲಿದ್ದ ನನ್ನ ಮಗಳು ನಿಧಿಗೆ ನೆಗಡಿಯ ಬೆನ್ನಿಗೇ ಕಿವಿನೋವು ಬಂತು. ಅತ್ತೆ ನಗರದ ಇನ್ನೊಂದು ಕಡೆ, ಕಾಚಿಗೂಡದ ತಂಗಿಯ ಮನೆಯಲ್ಲಿದ್ದರು. ಡಾಕ್ಟರು ಹಿಂದೆ ಬರೆದುಕೊಟ್ಟಿದ್ದ ನೋವಿನ ಸಿರಪ್ ಕುಡಿಸಿ ಮಲಗಿಸಿದೆ. ಬೆಳಿಗ್ಗೆ ಎದ್ದವಳು ನೋವೇ ಇಲ್ಲವೆಂದಳು. ಅಷ್ಟರಲ್ಲಿ, ಫೋನಿನಲ್ಲಿ ವಿಷಯ ತಿಳಿದಿದ್ದ ಅತ್ತೆ ಬಂದು, ಕೈಕಾಲು ತೊಳೆದವರೇ ಸೌಟು ಒಲೆಗಿಟ್ಟರು.

"ನೋವು ಹೋಗೇತ್ರಿ ಅತ್ತಿ," ಎಂದೆ.

"ಮತ್ತ ಬರಬಾರದಲ್ಲ. ಎರಡ ಹನಿ ಬಿಟ್ರ ಬೇರಸಮೇತ ಹೋಕ್ಕೈತಿ."

ಹಾಸಿಗೆ ಮಡಚುತ್ತಿದ್ದ ನನ್ನ ಕಣ್ಣಿಗೆ ನಿಧಿಯ ದಿಂಬಿನ ಚೀಲದ ಮೇಲೊಂದು ಹಳದಿ ಕಲೆ ಬಿತ್ತು. ಮುಟ್ಟಿದರೆ ಗಂಜಿ ಹಾಕಿದಂತೆ ಗಟ್ಟಿ. ಜೊಲ್ಲಿನ ಕಲೆ ಹಾಗಿರುವುದಿಲ್ಲ. ಓಡಿ ಬಂದು ಮಗಳ ಕಿವಿಗೆ ಅಂಗೈ ಅಡ್ಡ ಹಿಡಿದೆ.

"ಬ್ಯಾಡ್ರಿ ಅತ್ತಿ. ಕಿವಿ ಸೋರೇತಿ. ಮೊದಲ ಡಾಕ್ಟರಿಗೆ ತೋರಸೋಣ."

"ನಿನ್ನ ಗಂಡನ ಕಿವಿಗೂ ಇದ ಎಣ್ಣಿ ಹಾಕಿ ಬೆಳಸೀನಿ. ನೀ ಕಲ್ತ ಕಾನ್ವೆಂಟಿನ್ಯಾಗ ಬಳ್ಳೊಳ್ಳಿಗೂ ಪರೀಕ್ಷಾ ಇಟ್ಟಿದ್ರೇನು?"

"ಅದಕ್ಕ ಏನ್ರಿ, ನಾ ಕರದ್ರ ನಿಮ್ಮ ಮಗಗ ಕೇಳಸೂದಿಲ್ಲ?" ಬಾಯಿಗೆ ಬಂದುಬಿಟ್ಟಿತು. ಅತ್ತೆ ನಗಲಿಲ್ಲ. ಆದರೆ ಒಲೆ ಆರಿಸಿ, ಸೆರಗು ಹೊದ್ದು ನಮ್ಮ ಜೊತೆಗೇ ಹೊರಟರು.

ಇಎನ್‌ಟಿ ಡಾಕ್ಟರು ಓಟೋಸ್ಕೋಪ್ ಎಂಬ ದೀಪದ ಕೊಳವೆಯಿಂದ ಕಿವಿ ನೋಡಿದರು. ಒಳಗೆ ಕೀವು ತುಂಬಿ ಕಿವಿಯ ತಮಟೆಗೆ ಸಣ್ಣ ತೂತು ಬಿದ್ದಿತ್ತು. ಕೀವು ಹೊರಬಿದ್ದು ಒತ್ತಡ ಇಳಿದದ್ದರಿಂದಲೇ ನೋವು ನಿಂತದ್ದು. ಎಣ್ಣೆ ಬಿಟ್ಟಿದ್ದರೆ ಆ ತೂತಿನಿಂದ ಒಳಗಿಳಿದು ಸೋಂಕು ಹೆಚ್ಚಾಗಬಹುದಿತ್ತು. ಕೇಳುವ ಶಕ್ತಿಗೇ ಅಪಾಯ.

ಕನ್ನಡ ಬಾರದ ಡಾಕ್ಟರನ್ನು ಅತ್ತೆ ತಮ್ಮ ಹಿಂದಿಯಲ್ಲೇ ಕೇಳಿದರು: ಹಾಗಾದರೆ ಇಷ್ಟು ವರ್ಷ ನಾನು ಮಾಡಿದ್ದೆಲ್ಲ ಸುಳ್ಳೇ?

"ಸುಳ್ಳಲ್ಲಮ್ಮಾ, ಗೊತ್ತಿಲ್ಲ," ಎಂದರು ಡಾಕ್ಟರು. ಬೆಳ್ಳುಳ್ಳಿ ಸೇರಿದ ಗಿಡಮೂಲಿಕೆ ಹನಿಗಳ ಮೇಲೆ ನಡೆದ ಅಧ್ಯಯನಗಳು ಕೆಲವೇ, ಅವೂ ಚಿಕ್ಕವು. ನೋವು ಕಡಿಮೆಯಾದದ್ದು ಕಂಡಿದೆ. ಆದರೆ ಮಕ್ಕಳ ಕಿವಿನೋವು ಬಹಳ ಸಲ ಎರಡು ಮೂರು ದಿನದಲ್ಲಿ ತಾನಾಗಿಯೇ ಇಳಿಯುವುದರಿಂದ, ಇಳಿಸಿದ್ದು ಎಣ್ಣೆಯೋ ಕಾಲವೋ ಹೇಳುವುದು ಕಷ್ಟ. ಅಲ್ಲದೆ ಅವು ಶುದ್ಧವಾಗಿ ತಯಾರಿಸಿದ ಹನಿಗಳು, ತಮಟೆ ಸರಿಯಿದ್ದ ಕಿವಿಗೆ ಹಾಕಿದವು.

ಆಟೋದಲ್ಲಿ ಅತ್ತೆ ಔಷಧಿ ಚೀಟಿ ಮಡಚಿ ಸೆರಗಿನ ತುದಿಗೆ ಕಟ್ಟಿಕೊಂಡರು. ಆಮೇಲೆ, "ಗೊತ್ತಿಲ್ಲ ಅಂತ ಡಾಕ್ಟರ ಬಾಯಾಗ ಇವತ್ತ ಕೇಳಿದೆ ನೋಡು," ಎಂದರು.

ಔಷಧಿ ನಡೆಯಿತು, ತೂತು ಮುಚ್ಚಿತು. ಈಗ ನಿಧಿಗೆ ಪಕ್ಕದ ಮನೆಯ ಪಿಸುಮಾತೂ ಕೇಳಿಸುತ್ತದೆ.

ನನ್ನ ಕೆಲಸ ಕಲಿಸಿದ್ದು ಇಷ್ಟು: ಮಗು ಅಳು ನಿಲ್ಲಿಸಿದ ಮಾತ್ರಕ್ಕೆ ಗುಣವಾಯಿತೆಂದಲ್ಲ, ಹಾಸಿಗೆ ಮಡಚುವಾಗಲೂ ಕಣ್ಣು ತೆರೆದಿರಬೇಕು. ಮೊನ್ನೆ ಮೇಲಿನ ಮನೆಯ ರಾಯಚೂರಿನಾಕೆ ಎಣ್ಣೆ ಕೇಳಿಕೊಂಡು ಬಂದಾಗ ಅತ್ತೆಯ ಮಾತು ಅಡುಗೆಮನೆಗೆ ಕೇಳಿಸಿತು:

"ಕಿವಿ ಒಳಗ ಏನೈತಿ ಅಂತ ನನಗ ಕಾಣೂದಿಲ್ರಿ. ಡಾಕ್ಟರಿಗೆ ತೋರಸ್ರಿ. ಹೋಗೂ ಮುಂದ ದಿಂಬಿನ ಚೀಲಾನೂ ತಗೊಂಡ ಹೋಗ್ರಿ."